ಐನೂರು ರೂಪಾಯಿ ಕೊಟ್ಟೆ, ಈಗ ಮಗು ಬಾಲವಾಡಿಗೇ ಬರುತ್ತಿಲ್ಲ

ಫಾರಂ_ಅಕ್ಕೋರು:

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಥಣಿಸಂದ್ರದ ಕಡೆ ಒಂದು ಸಂಸ್ಥೆಯ ಬಾಲವಾಡಿಯಲ್ಲಿ ನಾಲ್ಕು ತಿಂಗಳಿಂದ ಕೆಲಸ ಮಾಡುತ್ತಿದ್ದೇನೆ. ಟೀಚರ್ ಅಲ್ಲ. ನನ್ನ ಕೆಲಸ ಮಕ್ಕಳ ಮನೆಯವರ ಜೊತೆ. ಆರ್ಡರ್ ಲೆಟರ್‌ನಲ್ಲಿ 'ಫ್ಯಾಮಿಲಿ ಸಪೋರ್ಟ್' ಅಂತ ದೊಡ್ಡ ಹೆಸರಿದೆ, ಶೆಡ್ಡುಗಳಲ್ಲಿ ಮಾತ್ರ ನಾನು ಬರೀ 'ಫಾರಂ ಅಕ್ಕೋರು'. ಆಧಾರ್, ರೇಷನ್, ತಾಯಿ ಕಾರ್ಡ್, ಏನಿದ್ದರೂ ನನ್ನ ಹತ್ತಿರ.

ಬರುವ ಮಕ್ಕಳು ಹೆಚ್ಚಿನವರು ಯಾದಗಿರಿ, ರಾಯಚೂರಿನಿಂದ ಗಾರೆ ಕೆಲಸಕ್ಕೆ ಬಂದವರ ಮಕ್ಕಳು. ಖಾಲಿ ಸೈಟಿನಲ್ಲಿ ನೀಲಿ ಟಾರ್ಪಾಲಿನ ಶೆಡ್ ಹಾಕಿಕೊಂಡಿದ್ದಾರೆ. ಅದರಲ್ಲಿ ಒಬ್ಬಳು ನಾಲ್ಕು ವರ್ಷದ ಹುಡುಗಿ, ಒಂದು ದಿನವೂ ತಪ್ಪಿಸಿದವಳಲ್ಲ, ಊಟದ ಹೊತ್ತಿಗೆ ತಟ್ಟೆ ಹಿಡಿದು ಎಲ್ಲರಿಗಿಂತ ಮುಂದೆ ನಿಲ್ಲುವವಳು. ತಿಂಗಳ ಹಿಂದೆ ಅವಳ ಅಮ್ಮ ಗೇಟಿನ ಹತ್ತಿರ ನನ್ನನ್ನು ಪಕ್ಕಕ್ಕೆ ಕರೆದು "ಅಕ್ಕೋರೆ, ಸಣ್ಣ ಕೂಸಿಗಿ ಜ್ವರ ಬಂದಾವ್ರಿ, ಐನೂರು ರೊಕ್ಕ ಇದ್ರ ಕೊಡ್ರಿ, ಶನಿವಾರ ಬಟವಾಡಿ ಆದ್ ಕೂಡ್ಲೆ ಮುಟ್ಟಸ್ತೀನಿ" ಅಂದರು. ಕೊಟ್ಟೆ. ಶನಿವಾರ ಹೋಯಿತು. ನಾನು ಕೇಳಲಿಲ್ಲ, ನಿಜವಾಗಿಯೂ ಒಂದು ಸಲವೂ ಕೇಳಿಲ್ಲ. ಆದರೆ ಅದರ ಮುಂದಿನ ವಾರ ಹುಡುಗಿ ಎರಡು ದಿನ ಬರಲಿಲ್ಲ, ಆಮೇಲೆ ಬರುವುದನ್ನೇ ಬಿಟ್ಟಳು.

ಬೆಳಿಗ್ಗೆ ಏಳೂವರೆಗೆ ಶೆಡ್ಡಿಗೆ ಹೋದೆ. "ಆಗಲೇ ಕೆಲಸಕ್ಕೆ ಹೋದ್ಲು" ಅಂತ ಪಕ್ಕದವರು ಹೇಳಿದರು, ಒಲೆ ಮೇಲಿನ ಪಾತ್ರೆಯಲ್ಲಿ ಇನ್ನೂ ಹೊಗೆ ಏಳುತ್ತಿತ್ತು. ಸಂಜೆ ದಾರಿಯಲ್ಲಿ ಕಂಡರೆ ಬೇರೆ ಗಲ್ಲಿಗೆ ತಿರುಗಿಬಿಡುತ್ತಾರೆ. ಇಷ್ಟರಲ್ಲಿ ಇನ್ನೂ ಮೂವರು ಅಮ್ಮಂದಿರು ದುಡ್ಡು ಕೇಳಿದ್ದಾರೆ! ಕೈಯಿಂದ ದುಡ್ಡು ಕೊಡಬಾರದು ಅಂತ ರೂಲ್ಸ್ ಇದೆ ಅಲ್ವಾ ಅಂತ ಕೋಆರ್ಡಿನೇಟರ್ ಬೈದರು. ಬೈದಿದ್ದು ಸರಿಯೇ. ಆದರೆ ಈಗ ಮಗುವನ್ನು ವಾಪಸ್ ಕರೆಸುವುದು ಹೇಗೆ?

ಸುಮ್ನೆ_ಒಂದ್_ಮಾತು:

ಐನೂರು ತಾನೇ, ಬಿಟ್ಟಾಕಿ. "ಬೇಡಮ್ಮಾ, ಇಟ್ಕೋ" ಅಂದರೆ ಮುಗೀತು.

ಹಳೇ_ಬಾಲವಾಡಿ:

ಮೇಲಿನವರು ಹೇಳಿದ ಹಾಗೆ ದಯವಿಟ್ಟು ಮಾಡಬೇಡಿ. ಹನ್ನೊಂದು ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ಆ ಹೆಣ್ಣುಮಗಳಿಗೆ ನಿಮ್ಮ ಮೇಲೆ ಸಿಟ್ಟೂ ಇಲ್ಲ, ಬಾಲವಾಡಿ ಬೇಡ ಅಂತಲೂ ಅಲ್ಲ. ಮುಖ ತೋರಿಸೋಕೆ ಆಗುತ್ತಿಲ್ಲ, ಅಷ್ಟೇ. ಮಗುವನ್ನು ಬಿಡೋಕೆ ಬಂದರೆ ಗೇಟಿನಲ್ಲಿ ನೀವು ಇರುತ್ತೀರಿ. ನೀವು ಕೇಳುವುದೇ ಬೇಡ, ನಿಮ್ಮನ್ನು ನೋಡಿದರೆ ಸಾಕು, ಐನೂರು ನೆನಪಾಗುತ್ತದೆ. ಅದರ ಮೇಲೆ "ಇಟ್ಕೋ" ಅಂತ ನಾಲ್ಕು ಜನರ ಮುಂದೆ ಅಂದುಬಿಟ್ಟರಂತೂ ಮುಗಿದೇ ಹೋಯಿತು.

ನಾನೂ ಮೊದಮೊದಲು ಒಬ್ಬರಿಗೆ ಎರಡು ಸಾವಿರ ಕೊಟ್ಟಿದ್ದೆ. ಅವರ ಮಗನಿಗೆ ಮಾತು ಬರುತ್ತಿರಲಿಲ್ಲ. ತಿಂಗಳುಗಟ್ಟಲೆ ಹಿಂದೆ ಬಿದ್ದು ಆಸ್ಪತ್ರೆಯಲ್ಲಿ ಮಾತಿನ ತರಬೇತಿಗೆ ಸೇರಿಸಿದ್ದೆ, ಆಗಷ್ಟೇ 'ಅಮ್ಮ', 'ನೀರು' ಅನ್ನಲು ಶುರು ಮಾಡಿದ್ದ. ಒಂದು ದಿನ ಹೋಗಿ ನೋಡಿದರೆ ಶೆಡ್ಡೇ ಇಲ್ಲ. ಹೊಸಕೋಟೆ ಕಡೆ ಹೋದರು ಅಂದರು ಯಾರೋ. ದುಡ್ಡು ಹೋದದ್ದು ಮರೆತು ಎಷ್ಟೋ ಕಾಲ ಆಯಿತು, ಆ ಹುಡುಗನನ್ನು ಮರೆಯೋಕೆ ಆಗಿಲ್ಲ.

ಇನ್ನೊಂದು. ಜ್ವರಕ್ಕೆ ಐನೂರು ಅಂದಾಗಲೇ ನಿಮಗೆ ಅನುಮಾನ ಬರಬೇಕಿತ್ತು. ಸರ್ಕಾರದ 'ನಮ್ಮ ಕ್ಲಿನಿಕ್'ನಲ್ಲಿ ಮಗುವನ್ನು ನೋಡಿ ಔಷಧಿ ಕೊಡುವುದಕ್ಕೆ ದುಡ್ಡಿಲ್ಲ, ಸಾದಾ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್‌ಗೆ ದುಡ್ಡಿಲ್ಲ. ಸುಳ್ಳು ಅಂತಲ್ಲ, ಜ್ವರವೂ ಇದ್ದಿರಬಹುದು. ಆದರೆ ಅದು ಸಂಘದ ಸಾಲದ ಕಂತಿನ ದಿನವೂ ಆಗಿರಬಹುದು. ಅದನ್ನು ಬಾಯಿಬಿಟ್ಟು ಹೇಳುವುದು ಕಷ್ಟ. ಇನ್ನು ಮುಂದೆ ಯಾರಾದರೂ ಜ್ವರ ಅಂದರೆ "ನಡೀರಿ, ನಾನೂ ಬರ್ತೀನಿ" ಅನ್ನಿ. ಜ್ವರವಾದರೆ ಹೊರಡುತ್ತಾರೆ. ಬೇರೆ ಏನಾದರೂ ಆಗಿದ್ದರೆ ದಾರಿಯಲ್ಲಿ ಅವರೇ ಹೇಳುತ್ತಾರೆ. ಆ ಮೂವರಿಗೂ ಇದೇ ಉತ್ತರ.

ಅಂಗನವಾಡಿ_ನಾನು:

1975ರಲ್ಲಿ ತಿ. ನರಸೀಪುರದಲ್ಲಿ ರಾಜ್ಯದ ಮೊದಲ ಅಂಗನವಾಡಿಗಳು ಶುರುವಾದಾಗಿಂದ ನಮ್ಮ ಕಾರ್ಯಕರ್ತೆಯರು ಇದೇ ಕೆಲಸ ಮಾಡುತ್ತಿದ್ದಾರೆ, ನಮಗೆ ಮಾತ್ರ ಯಾರೂ ಹೀಗೆ ಇಂಗ್ಲಿಷ್ ಹೆಸರು ಕೊಡಲಿಲ್ಲ ನೋಡಿ. ಇರಲಿ, ತಮಾಷೆಗೆ ಅಂದೆ.

ದೊಡ್ಡವಳಿಗಾಗಿ ಹೋಗಬೇಡಿ, ಸಣ್ಣ ಮಗುವಿಗಾಗಿ ಹೋಗಿ. ಜ್ವರದಿಂದ ಎದ್ದ ಮಗು, ಹೇಗಿದೆ ಅಂತ ನೋಡೋಕೆ ಬಂದೆ ಅನ್ನಿ. ತೋಳಿನ ಸುತ್ತಳತೆ ನೋಡುವ ಬಣ್ಣದ ಪಟ್ಟಿ ಒಯ್ಯಿರಿ. ಇಲ್ಲದಿದ್ದರೆ ಹತ್ತಿರದ ಅಂಗನವಾಡಿಯಲ್ಲಿ ಕೇಳಿ, ಕೊಡುತ್ತಾರೆ. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿಗೆ ಎಡತೋಳಿನ ಮಧ್ಯಕ್ಕೆ ಸುತ್ತಬೇಕು, ಬಿಗಿಯಬಾರದು. 12.5 ಸೆಂ.ಮೀ. ದಾಟಿದರೆ ಹಸಿರು. 11.5ರಿಂದ 12.5ರೊಳಗೆ ಹಳದಿ. 11.5ಕ್ಕಿಂತ ಕಡಿಮೆ ಬಂದರೆ ಕೆಂಪು, ಆಗ ತಡ ಮಾಡದೆ ಆಸ್ಪತ್ರೆ. ಆರು ತಿಂಗಳಿಂದ ಮೂರು ವರ್ಷದೊಳಗಿನ ಮಗುವಿಗೆ ಮನೆಗೆ ಒಯ್ಯುವ ಆಹಾರ ಅಂಗನವಾಡಿಯಲ್ಲಿ ಸಿಗುತ್ತದೆ, ವಲಸೆ ಬಂದವರಿಗೂ ಕೇಳುವ ಹಕ್ಕಿದೆ. ಹೆಸರು ಬರೆಸೋಕೆ ನೀವೇ ಜೊತೆಗೆ ಹೋಗಿ. ದುಡ್ಡಿನ ಮಾತು ಎತ್ತಲೇಬೇಡಿ.

ಕೃಷ್ಣಾತೀರದವ:

ನಾನು ಇಂಥ ಶೆಡ್ಡಿನಲ್ಲೇ ಬೆಳೆದವನು, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮವ್ವ ಎಲ್ಲಾ ಕಾಗದಗಳನ್ನು ಸೀರೆ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಗೂಟಕ್ಕೆ ನೇತುಹಾಕುತ್ತಿದ್ದಳು. ಮಳೆ ಬಂದರೆ ಮೊದಲು ಆ ಕವರು, ಆಮೇಲೆ ನಾವು. ಪ್ಯಾಂಟು ಹಾಕಿದವರು ಯಾರೇ ಬಂದು ಕಾಗದ ತೋರಿಸು ಅಂದರೂ ಅವಳಿಗೆ ಎದೆ ಡವಡವ. ಮೇಸ್ತ್ರಿಯಿಂದ ತಂದ ಮುಂಗಡ ಹರಿಯುವವರೆಗೂ ಅವನ ಮುಂದೆ ತಲೆ ಎತ್ತಿದವಳಲ್ಲ. ಈಗ ಅವರ ಪಾಲಿಗೆ ನೀವು ಇನ್ನೊಬ್ಬ ಮೇಸ್ತ್ರಿ ಆಗಿದ್ದೀರಿ ಮೇಡಂ, ಬೇಜಾರು ಮಾಡಿಕೊಳ್ಳಬೇಡಿ.

ಸಂಘದ ಕಂತೇ ಆಗಿದ್ದರೆ ಇದೂ ಗೊತ್ತಿರಲಿ: ಸಾಲಗಾರರಿಗೆ ಕಿರುಕುಳ ಕೊಟ್ಟು ವಸೂಲಿ ಮಾಡಬಾರದು ಅಂತ 2025ರಲ್ಲಿ ನಮ್ಮ ಸರ್ಕಾರ ಕಾನೂನು ತಂದಿದೆ. ಯಾರಾದರೂ ಶೆಡ್ಡಿಗೆ ಬಂದು ಹೆದರಿಸಿದರೆ ಪೊಲೀಸರಿಗೆ ದೂರು ಕೊಡಬಹುದು. ಮತ್ತೆ ಹತ್ತಿ ಬಿಡಿಸುವ ಕಾಲಕ್ಕೆ ಎಷ್ಟೋ ಜನ ಊರಿಗೆ ಹೋಗುತ್ತಾರೆ, ಆಗ ಮಗು ಬರದಿದ್ದರೆ ಅದನ್ನು ಇದರ ಜೊತೆ ಸೇರಿಸಬೇಡಿ.

ಫಾರಂ_ಅಕ್ಕೋರು:

ಎಲ್ಲರಿಗೂ ಥ್ಯಾಂಕ್ಸ್. ಮೇಸ್ತ್ರಿ ಅಂದಿದ್ದು ಸ್ವಲ್ಪ ಚುಚ್ಚಿತು, ಆದರೆ ನಿಜ.

ಭಾನುವಾರ ಪಟ್ಟಿ ತಗೊಂಡು ಹೋದೆ. ಅವರು ಬಟ್ಟೆ ಒಗೆಯುತ್ತಿದ್ದರು, ತಪ್ಪಿಸಿಕೊಳ್ಳೋಕೆ ದಾರಿ ಇರಲಿಲ್ಲ. "ಸಣ್ಣದು ಹೇಗಿದೆ?" ಅಂದೆ. ಅಷ್ಟೇ. ಒಂದು ನಿಮಿಷ ಬಕೆಟ್ಟನ್ನೇ ನೋಡುತ್ತಾ ಕೂತವರು ಎದ್ದು ಒಳಗಿಂದ ಮಗುವನ್ನು ಎತ್ತಿಕೊಂಡು ಬಂದರು. 12.1. ಹಳದಿ. ದೊಡ್ಡವಳು ತಾನೇ ಬಂದು ತೋಳು ಚಾಚಿ "ನಂದೂ ನೋಡ್ರಿ" ಅಂದಳು, ಅವಳದು ಹಸಿರು ಬಂತು ಅಂತ ಪಕ್ಕದ ಶೆಡ್ಡುಗಳಿಗೆಲ್ಲ ಓಡಿ ಹೇಳಿ ಬಂದಳು. ಎದ್ದು ಹೊರಟಾಗ ಅವರೇ ಹೇಳಿದರು, ಸಂಘದ ಕಂತೇ ಅದು. ಜ್ವರವೂ ಇತ್ತಂತೆ.

ಸೋಮವಾರ ಹುಡುಗಿ ಬಂದಳು, ಮಂಗಳವಾರ ಇಲ್ಲ, ಇವತ್ತು ಬಂದಿದ್ದಾಳೆ. ನಾಳೆ ಅವರ ಜೊತೆ ಅಂಗನವಾಡಿಗೆ ಹೋಗಬೇಕು. ಆದರೆ ಅವರು ಸೆರಗಿನ ಗಂಟು ಬಿಚ್ಚಿ ನೂರು ರೂಪಾಯಿ ಕೈಗಿಟ್ಟರು. ಬೇಡ ಅನ್ನೋದು ಬಾಯಿಗೆ ಬಂತು, ನೀವು ಹೇಳಿದ್ದು ನೆನಪಾಗಿ ಇಸ್ಕೊಂಡೆ. ಈಗ ಕೋಆರ್ಡಿನೇಟರ್ ಭೇಟಿ ರಿಜಿಸ್ಟರ್ ಕೇಳುತ್ತಿದ್ದಾರೆ. ಈ ನೂರನ್ನು ಏನಂತ ಬರೆಯಲಿ?

ಹಳೇ_ಬಾಲವಾಡಿ:

ಇದ್ದದ್ದು ಇದ್ದ ಹಾಗೆ ಬರೆಯಿರಿ. ಕೊಟ್ಟ ತಾರೀಖು, ವಾಪಸ್ ಬಂದ ನೂರು, ಉಳಿದ ನಾನೂರು. ಹಳದಿ ಅಂತಲೂ ಬರೆಯಿರಿ, ಹದಿನೈದು ದಿನಕ್ಕೆ ಮತ್ತೆ ಪಟ್ಟಿ ಹಿಡಿದು ಹೋಗಿ. ಉಳಿದದ್ದು ಕೊಟ್ಟಾಗ ಕೊಡಲಿ.