ಸೀನಣ್ಣನ ಹನ್ನೆರಡು ಪದ

"ನಾನು ಸತ್ತಮೇಲೆ ಏನಾಗುತ್ತೆ ಅಂತ ರಾತ್ರಿಯೆಲ್ಲಾ ಅದೇ ಯೋಚನೆ ಕಣ್ರಯ್ಯ," ಅಂದ ಸೀನಣ್ಣ, ಕುಕ್ಕರಹಳ್ಳಿ ಕೆರೆ ಏರಿಯ ನಮ್ಮ ಮಾಮೂಲಿ ಕಲ್ಲುಬೆಂಚಿನ ಮೇಲೆ ಕೂರುತ್ತಾ.

"ಹದಿಮೂರನೇ ದಿನ ಹೋಳಿಗೆ ಊಟ. ಇನ್ನೇನು?" ಅಂದರು ವಕೀಲ ಭಟ್ಟರು.

"ತಮಾಷೆ ಸಾಕು ಸ್ವಾಮಿ. ನನ್ನ ಬಿಟ್‌ಕಾಯಿನ್ ಗತಿ?"

ನಾವು ಮೂವರೂ ತೆಪ್ಪಗಾದೆವು. ಮೂವತ್ತು ವರ್ಷದಿಂದ ಕಾಫಿ ಬಿಲ್ಲು ಬಂದಾಗಲೆಲ್ಲ ಬರೀ ಜೇಬು ತಡಕಿಕೊಂಡೇ ಕಾಲ ಹಾಕಿದ ಆಸಾಮಿ ಇವನು!

"ಬ್ಯಾಂಕಲ್ಲಿ ನಾಮಿನಿ ಹಾಕ್ಸಪ್ಪ," ಅಂದರು ಗಣಿತದ ಮೇಷ್ಟ್ರು.

"ಬ್ಯಾಂಕೇ ಇಲ್ಲ ಮೇಷ್ಟ್ರೇ, ಇದು ಬರೀ ಕಂಪ್ಯೂಟರಲ್ಲಿರೋ ದುಡ್ಡು. 2048 ಇಂಗ್ಲಿಷ್ ಪದಗಳ ಒಂದು ಪಟ್ಟಿ ಇದೆ. ಅದರಲ್ಲಿ 12 ಪದ ನನ್ನ ಪಾಲಿಗೆ ಬಂದಿವೆ, ಅವೇ ನನ್ನ ಗಂಟಿನ ಕೀಲಿ. ಅದೇ ಕ್ರಮದಲ್ಲಿ ಅವನ್ನ ಒತ್ತಿದವನೇ ಯಜಮಾನ. ಕಳೆದುಹೋದ್ರೆ ಅರ್ಜಿ ಗುಜರಾಯಿಸೋಕೆ ಮ್ಯಾನೇಜರೂ ಇಲ್ಲ, ಬೈಯೋಕೆ ಗುಮಾಸ್ತನೂ ಇಲ್ಲ."

"ಬಿಟ್‌ಕಾಯಿನ್ ಕೊಂಡು ಮಾರೋ ಎಕ್ಸ್‌ಚೇಂಜ್ ಕಂಪನೀಲೇ ಬಿಟ್ಟಿದ್ರೆ, ಮರಣ ಪ್ರಮಾಣಪತ್ರ ಹಿಡ್ಕೊಂಡು ನಿಮ್ಮನೆಯವರು ಹೋಗಿ ಕೇಳಬಹುದಿತ್ತು," ಅಂದರು ಭಟ್ಟರು.

"ಎಕ್ಸ್‌ಚೇಂಜಿನವನೇ ಸತ್ತರೆ?" ಅಂದೆ ನಾನು. ಓದಿದ್ದನ್ನು ಹೇಳದೆ ಇರಲಾರದ ಚಟ ನನಗೆ. "ಕೆನಡಾದ ಕ್ವಾಡ್ರಿಗಾ ಅನ್ನೋ ಎಕ್ಸ್‌ಚೇಂಜ್ ನಡೆಸ್ತಿದ್ದ ಜೆರಾಲ್ಡ್ ಕಾಟನ್ 2018ರ ಡಿಸೆಂಬರಲ್ಲಿ ಜೈಪುರಕ್ಕೆ ಬಂದು ತೀರಿಕೊಂಡ. ವಯಸ್ಸು ಬರೀ 30. ಕೀಲಿ ಅವನೊಬ್ಬನ ಹತ್ರವೇ ಇತ್ತು ಅಂತ ಕಂಪನಿ ಕೈಚೆಲ್ಲಿತು. ಸಾಯೋಕೆ ಎರಡು ವಾರ ಮೊದಲಷ್ಟೇ ಉಯಿಲು ಮಾಡಿದ್ದ. ಅದರಲ್ಲಿ ಮನೇಲಿ ಸಾಕಿದ ಎರಡು ಚಿಹುವಾಹುವಾ ನಾಯಿಗಳ ಪಾಲನೆಗೆ ಒಂದು ಲಕ್ಷ ಡಾಲರ್!"

"ಗಿರಾಕಿಗಳಿಗೆ?"

"ಹೆಚ್ಚುಕಮ್ಮಿ ಚೊಂಬು. ಬಿಟ್‌ಕಾಯಿನ್ ಇಡೋ ವಾಲೆಟ್ ಹುಡುಕಿ ನೋಡಿದ್ರೆ ಬಹುತೇಕ ಖಾಲಿ. ಬದುಕಿದ್ದಾಗಲೇ ಜನರ ದುಡ್ಡು ಕರಗಿಸಿದ್ದ ಅಂತ 2020ರಲ್ಲಿ ಒಂಟಾರಿಯೋದ ಷೇರುಪೇಟೆ ನಿಯಂತ್ರಕರೇ ವರದಿ ಕೊಟ್ಟರು."

"ಅದಕ್ಕೇ ನಾನು ಕೀಲಿ ನನ್ನ ಹತ್ರವೇ ಇಟ್ಕೊಂಡಿರೋದು," ಅಂತ ಬೀಗಿದ ಸೀನಣ್ಣ. "ಹನ್ನೆರಡು ಪದಾನೂ ಉಯಿಲಲ್ಲೇ ಬರೆದುಬಿಡ್ತೀನಿ."

ಭಟ್ಟರು ಹಣೆ ಚಚ್ಚಿಕೊಂಡರು. "ಲೋ, ಉಯಿಲಿಗೆ ಬಿಳಿ ಹಾಳೆ ಸಾಕು, ಇಬ್ಬರು ಸಾಕ್ಷಿ ಬೇಕು. ಆದರೆ ಅದನ್ನ ಟೈಪಿಸ್ಟ್ ಓದ್ತಾನೆ, ನೋಂದಣಿ ಮಾಡಿಸಿದ್ರೆ ಆಫೀಸಿನವರೂ ಓದ್ತಾರೆ. ನೀನು ಸಾಯೋದರೊಳಗೆ ಗಂಟು ಮಾಯ. ಇಂಥದೊಂದು ಆಸ್ತಿ ಇದೆ, ಯಾರಿಗೆ ಸೇರಬೇಕು ಅಂತ ಉಯಿಲಲ್ಲಿ ಬರಿ. ಪದಗಳು ಎಲ್ಲಿವೆ ಅನ್ನೋ ಚೀಟಿ ಬೇರೆ ಇರಲಿ. ಉಯಿಲಿಂದ ಬಂದದ್ದಕ್ಕೆ ಮಕ್ಕಳು ತೆರಿಗೆ ಕಟ್ಟಬೇಕಿಲ್ಲ, ಮಾರಿ ಲಾಭ ಮಾಡಿದಾಗ ಅದರಲ್ಲಿ 30% ಸರ್ಕಾರಕ್ಕೆ."

"ಹಾಗಾದ್ರೆ ಮೂವರು ಮಕ್ಕಳಿಗೆ ನಾಲ್ಕು ನಾಲ್ಕು ಪದ ಹಂಚಿದ್ರೆ? ಆ ನೆಪದಲ್ಲಾದ್ರೂ ಒಂದು ಕಡೆ ಸೇರ್ತಾರೆ."

"ಒಬ್ಬ ಚೀಟಿ ಕಳೆದ್ರೆ ಮೂವರಿಗೂ ನಾಮ," ಅಂದರು ಮೇಷ್ಟ್ರು. "ಇಬ್ಬರು ಸೇರಿದ್ರೆ ಎಂಟು ಪದ ಕೈಲಿದೆ. ಉಳಿದ ನಾಲ್ಕನ್ನ ಒಳ್ಳೇ ಕಂಪ್ಯೂಟರ್ ಹಚ್ಚಿ ಹುಡುಕಿಬಿಡಬಹುದು. ಇಲ್ನೋಡು." ಕೊಡೆಯ ಮೊನೆಯಿಂದ ಮಣ್ಣಲ್ಲಿ ಒಂದು ಗೆರೆ ಎಳೆದರು. "ಗುಟ್ಟು ಅನ್ನೋದು ಈ ಗೆರೆ. ಅದರ ಮೇಲಿನ ಮೂರು ಚುಕ್ಕೆ ಮೂವರಿಗೆ ಕೊಡು. ಒಂದೇ ಚುಕ್ಕೆಯಿಂದ ಲೆಕ್ಕವಿಲ್ಲದಷ್ಟು ಗೆರೆ ಎಳೀಬಹುದು, ಏನೂ ಗೊತ್ತಾಗಲ್ಲ. ಯಾವುದೇ ಎರಡು ಸಿಕ್ಕಿದ್ರೆ? ಒಂದೇ ಗೆರೆ! 1979ರಲ್ಲೇ ಶಮೀರ್ ಅನ್ನೋ ಗುಪ್ತಲಿಪಿ ತಜ್ಞ ಇದನ್ನ ಹೇಳಿದಾನೆ. ಒಬ್ಬ ಕಳೆದ್ರೂ ಚಿಂತೆ ಇಲ್ಲ."

"ಇಬ್ಬರು ಒಂದಾಗಿ ಮೂರನೆಯವನಿಗೆ ಕೈಕೊಟ್ರೆ?"

"ಅದಕ್ಕೇ ನಾನಿರೋದು," ಅಂದರು ಭಟ್ಟರು, ಬಹಳ ಖುಷಿಯಾಗಿ.

"ಅದಿರಲಿ, ಈಗ ಪದಗಳು ಎಲ್ಲಿವೆ?" ಅಂದೆ.

"ಹಳೇ ಡೈರಿ ಕೊನೇ ಪುಟದಲ್ಲಿ. ಯಾರೂ ಮುಟ್ಟಲ್ಲ." ಅಂದವನಿಗೇ ಅನುಮಾನ ಬಂತೇನೋ, ಮನೆಗೆ ಫೋನ್ ಹಚ್ಚಿದ. ಕಿವಿ ಮಂದ ಅಂತ ಸ್ಪೀಕರ್ ಹಾಕಿಯೇ ಮಾತಾಡೋದು ಅವನ ಅಭ್ಯಾಸ.

"ಆ ಡೈರಿನಾ?" ಹೆಂಡತಿಯ ದನಿ. "ಹಿಂದೆ ಇಂಗ್ಲಿಷ್ ಪದ ಬರೆದಿದ್ರಲ್ಲ, ಮೊಮ್ಮಗಳ ಸ್ಪೆಲಿಂಗಿಗೆ ಆಗುತ್ತೆ ಅಂತ ಬಾಯಿಪಾಠ ಮಾಡಿಸಿದೀನಿ. ಪುಟ್ಟಿ, ತಾತಂಗೆ ಹೇಳಮ್ಮ!"

"ಬೇಡ, ಬೇಡ!" ಸೀನಣ್ಣ ಫೋನಿನ ಗುಂಡಿಯನ್ನೆಲ್ಲ ಒತ್ತಿದ. ಸ್ಪೀಕರ್ ಇನ್ನೂ ಜೋರಾಯಿತು. ಮಗು ಮಗ್ಗಿಯ ರಾಗದಲ್ಲಿ ಶುರು ಮಾಡಿತು: "ಆಪಲ್, ಟೈಗರ್, ಅಂಬ್ರೆಲಾ, ಕಿಚನ್..." ಪಕ್ಕದ ಬೆಂಚಿನವರೂ ತಿರುಗಿ ನೋಡಿದರು. ಮೇಷ್ಟ್ರು ಬೆರಳು ಮಡಚುತ್ತಿದ್ದರು. ಹನ್ನೊಂದಕ್ಕೆ ಮಗು ನಿಂತಿತು.

"ಕೊನೇದು ಕಷ್ಟ ತಾತ. ಅಜ್ಜಿ ಬಿಟ್ಬಿಡು ಅಂದ್ರು."

ಸೀನಣ್ಣನಿಗೆ ಹೋದ ಜೀವ ಬಂತು. "ಸದ್ಯ, ಒಂದು ಪದ ಉಳೀತು!"

"ಒಂದೇ ತಾನೇ?" ಅಂದರು ಮೇಷ್ಟ್ರು ತಣ್ಣಗೆ. "ಹೆಚ್ಚಂದ್ರೆ 2048 ಸಲ ಒತ್ತಿ ನೋಡಿದ್ರಾಯ್ತು."

ಸೀನಣ್ಣ ಚಪ್ಪಲಿಯನ್ನೂ ಮೆಟ್ಟದೆ ಮನೆ ಕಡೆ ಓಡಿದ. ಭಟ್ಟರು ಹಿಂದಿನಿಂದ ಕೂಗಿದರು: "ಲೋ ಸೀನಾ, ಇಬ್ಬರು ಸಾಕ್ಷಿ ಸಾಕು ಅಂದಿದ್ದೆ, ಈಗ ಮೂವರಿದೀವಿ ಕಣೋ!"