ಜಿನೀವಾದಲ್ಲಿ ಕೆಲಸ, ಮನೆ ಸ್ಯಾಂ-ಸೆರ್ಗ್ ಗುಡ್ಡದ ಮೇಲೆ: ಆಗುತ್ತಾ?

ಪಿಜೆ_ಬಡಾವಣೆ (ದಾವಣಗೆರೆ):
ತಮ್ಮನಿಗೆ ಜಿನೀವಾಕ್ಕೆ ವರ್ಗ ಆಗಿದೆ. ನವೆಂಬರಿಗೆ ಹೆಂಡತಿ, ಮಗು ಸಮೇತ ಹೊರಡ್ತಾನೆ. ಸಿಟಿ ಬಾಡಿಗೆ ಕೈಗೆಟುಕಲ್ಲ, ಅದಕ್ಕೇ ನಿಯೋಂ ಊರಿನ ಮೇಲಿನ ಗುಡ್ಡದ ಹಳ್ಳಿ ಸ್ಯಾಂ-ಸೆರ್ಗ್‌ನಲ್ಲಿ ಮನೆ ನೋಡಿದ್ದಾನೆ. ದಿನಾ ಓಡಾಡಬಹುದಾ? ಚಳಿ ಹೆಂಗೆ? ಅಡುಗೆ ಸಾಮಾನು ಏನು ಕಟ್ಟಬೇಕು?

ಚಂದ್ರವಳ್ಳಿ:
ಓಡಾಡಬಹುದು, ಆಫೀಸು ಜಿನೀವಾ ಸ್ಟೇಷನ್ ಹತ್ರ ಇದ್ರೆ ಮಾತ್ರ. ಜಿನೀವಾ ಸರೋವರದ ದಡದ ನಿಯೋಂ ಸುಮಾರು 400 ಮೀಟರ್ ಎತ್ತರದಲ್ಲಿದೆ, ಸ್ಯಾಂ-ಸೆರ್ಗ್ 1,040ರ ಆಸುಪಾಸು. ಅಲ್ಲಿಂದ ಮುಂದೆ ಜಿವ್ರೀನ್ ಕಣಿವೆದಾರಿ ದಾಟಿದ್ರೆ ಫ್ರಾನ್ಸ್ ಗಡಿಯ ಲಾ ಕ್ಯೂರ್. ನಿಯೋಂನಿಂದ ಸ್ಯಾಂ-ಸೆರ್ಗ್‌ಗೆ ಹತ್ತೋ, 1916ರಲ್ಲಿ ಶುರುವಾದ ಗುಡ್ಡದ ರೈಲು ಮೀಟರ್ ಗೇಜ್ (ಹಳಿಗಳ ನಡುವೆ 1,000 ಮಿ.ಮೀ.), ಜಿನೀವಾಕ್ಕೆ ಹೋಗೋ ಮುಖ್ಯ ಮಾರ್ಗ 1,435 ಮಿ.ಮೀ. ಹಾಗಾಗಿ ನೇರ ರೈಲು ಬರೋ ಮಾತೇ ಇಲ್ಲ, ನಿಯೋಂನಲ್ಲಿ ಇಳಿದು ಹತ್ತಲೇಬೇಕು. ಸಣ್ಣ ರೈಲು ನೆಲದಡಿ ನಿಲ್ಲುತ್ತೆ, ದೊಡ್ಡದು ಮೇಲೆ. ಮಗುವಿನ ಗಾಡಿ ತಳ್ಳಿಕೊಂಡು ಹೋಗೋರು ಲಿಫ್ಟ್‌ಗೆ ಕಾಯೋ ಹೊತ್ತನ್ನೂ ಲೆಕ್ಕಕ್ಕೆ ಹಿಡೀಬೇಕು.

ಮೇಲಿಂದ ನಿಯೋಂಗೆ ಅರ್ಧ ಗಂಟೆಗಿಂತ ಸ್ವಲ್ಪ ಹೆಚ್ಚು, ಅಲ್ಲಿಂದ ಜಿನೀವಾಕ್ಕೆ ಕಾಲು ಗಂಟೆ. ಬದಲಿಸೋದು ಸೇರಿ ಒಂದು ಗಂಟೆ ಹಿಡೀರಿ. ಎಲ್ಲ ಇಂಟರ್‌ಸಿಟಿ ನಿಯೋಂನಲ್ಲಿ ನಿಲ್ಲಲ್ಲ. ಸಹಿ ಹಾಕೋ ಮುಂಚೆ ರಾತ್ರಿ ಕೊನೇ ರೈಲಿನ ವೇಳೆ ನೋಡಲಿ. ಟಿಕೆಟ್ ಜಾಲ ಸ್ಯಾಂ-ಸೆರ್ಗ್, ನಿಯೋಂ ಇರೋ ವೋ ಪ್ರಾಂತ್ಯದಲ್ಲಿ ಮೊಬಿಲಿಸ್, ಜಿನೀವಾದಲ್ಲಿ ಯೂನಿರೆಸೊ. ಪಾಸ್ ಪೂರ್ತಿ ದಾರಿಗೆ ನಡೆಯುತ್ತಾ ಅಂತ ಕೌಂಟರಿನಲ್ಲೇ ಕೇಳಬೇಕು.

ಮಂಜಿನ ವಿಷಯ ಬಾಡಿಗೆ ಜಾಹೀರಾತಿನಲ್ಲಿ ಇರಲ್ಲ. ಚಳಿಗಾಲದಲ್ಲಿ ಆಲ್ಪ್ಸ್, ಜೂರಾ ಗುಡ್ಡಗಳ ನಡುವೆ ತಣ್ಣನೆ ಗಾಳಿ ಕೂತು ಕೆಳಗೆ ದಿನಗಟ್ಟಲೆ ಮೋಡ, ಮೇಲೆ ಹಳ್ಳಿಗೆ ಬಿಸಿಲು. ಆದ್ರೆ ಈಶಾನ್ಯದ 'ಬೀಸ್' ಗಾಳಿ ಎದ್ದರೆ ಮೋಡದ ಮೇಲ್ಮಟ್ಟ ಏರಿ ಹಳ್ಳಿಯನ್ನೂ ನುಂಗುತ್ತೆ. ನಮ್ಮ ಚಿತ್ರದುರ್ಗದ ಜೋಗಿಮಟ್ಟಿ ಗುಡ್ಡದ ಗಾಳಿಗೆ ಮಂಜುಗಡ್ಡೆ ಬೆರೆಸಿದ ಹಾಗೆ.

ಬೆಣ್ಣೆನಗರಿ:
ಕುಕ್ಕರ್ ಬೇಕೇ ಬೇಕು. ಆ ಎತ್ತರದಲ್ಲಿ ನೀರು 96-97 ಡಿಗ್ರಿಗೇ ಕುದಿಯುತ್ತೆ, ದಾವಣಗೆರೆಯಲ್ಲಿ 98. ತೆರೆದ ಪಾತ್ರೆಯಲ್ಲಿ ಬೇಳೆ ಬೇಯೋದು ಇನ್ನೂ ತಡ. ಒಲೆ ಇಂಡಕ್ಷನ್ನೋ ಬರೀ ಗಾಜಿನ ಹಾಟ್‌ಪ್ಲೇಟೋ ಅಂತ ಮೊದಲೇ ಕೇಳಿಸಿ. ಇಂಡಕ್ಷನ್ ಆದ್ರೆ ಅಲ್ಯೂಮಿನಿಯಂ ಕುಕ್ಕರ್ ಕಾಯೋದೇ ಇಲ್ಲ. ತಳಕ್ಕೆ ಅಯಸ್ಕಾಂತ ಅಂಟಬೇಕು, ತಳ ಚಪ್ಪಟೆ ಇರಬೇಕು. ಗ್ಯಾಸ್ಕೆಟ್ ಎರಡು ಹೆಚ್ಚಿಗೆ ಹಾಕಿ.

ಮಿಕ್ಸಿ ನಮ್ಮದೇ ನಡೆಯುತ್ತೆ, ಅಲ್ಲೂ 230 ವೋಲ್ಟ್, 50 ಹರ್ಟ್ಸ್. ಪ್ಲಗ್ ಮಾತ್ರ ಬೇರೆ, ಅರ್ತಿಂಗ್ ಇರೋ ಅಡಾಪ್ಟರ್ ಬೇಕು. ದೋಸೆ ಹಿಟ್ಟು ಅಲ್ಲಿಯ ಅಡುಗೆಮನೆ ಕಟ್ಟೆ ಮೇಲೆ ರಾತ್ರಿಯೆಲ್ಲ ಇಟ್ಟರೂ ಹುಳಿ ಬರಲ್ಲ. ಓವನ್ ಒಳಗೆ ದೀಪ ಮಾತ್ರ ಹಚ್ಚಿಟ್ಟರೆ ಉಬ್ಬುತ್ತೆ. ಗಡಿಯಾಚೆ ಬೆಣ್ಣೆ ಅಗ್ಗ ಅಂತ ಫ್ರಾನ್ಸಿಗೆ ಓಡಬೇಡಿ: ಬೆಣ್ಣೆ, ಕೆನೆ ಸೇರಿ ದಿನಕ್ಕೆ ತಲೆಗೆ 1 ಕೆಜಿ ಮಾತ್ರ ಸುಂಕವಿಲ್ಲದೆ ತರಬಹುದು.

ಪಿಜೆ_ಬಡಾವಣೆ:
ಕಾರು? ಕಾಗದಪತ್ರ?

ಚಂದ್ರವಳ್ಳಿ:
ನಮ್ಮ ಲೈಸೆನ್ಸ್ 12 ತಿಂಗಳು ನಡೆಯುತ್ತೆ, ಅಷ್ಟರೊಳಗೆ ಬದಲಿಸಬೇಕು. ಅದಕ್ಕೊಂದು ಡ್ರೈವಿಂಗ್ ಪರೀಕ್ಷೆ, ಒಂದೇ ಅವಕಾಶ. ಫೇಲಾದರೆ ಕಲಿಕಾ ಲೈಸೆನ್ಸಿನಿಂದ ಶುರು. ಹಾಗಾಗಿ ಮೊದಲು ಅಲ್ಲಿಯ ತರಬೇತುದಾರರ ಹತ್ರ ಒಂದೆರಡು ಕ್ಲಾಸು ತಗೊಳ್ಳಲಿ. ಚಳಿಗಾಲದ ಟೈರು ಕಾನೂನಲ್ಲಿ ಕಡ್ಡಾಯವಲ್ಲ, ಆದ್ರೆ ಬೇಸಿಗೆ ಟೈರಿನಲ್ಲಿ ಹಿಮಕ್ಕೆ ಜಾರಿ ಗುದ್ದಿದರೆ ವಿಮೆಯವರು ತಕರಾರು ತೆಗೀತಾರೆ. ಚೈನಿನ ಚಿತ್ರ ಇರೋ ದುಂಡು ನೀಲಿ ಫಲಕ ಕಂಡರೆ ಟೈರಿಗೆ ಹಿಮದ ಚೈನ್ ಹಾಕಲೇಬೇಕು.

ಹಳ್ಳಿಯ ಕಚೇರಿಯಲ್ಲಿ 14 ದಿನದೊಳಗೆ, ಕೆಲಸಕ್ಕೆ ಸೇರೋ ಮುಂಚೆಯೇ ನೋಂದಣಿ. ಆರೋಗ್ಯ ವಿಮೆ ಮಗುವಿಗೂ ಬೇರೆಯಾಗಿ, 3 ತಿಂಗಳೊಳಗೆ. ಕಂತು ಮಾತ್ರ ಬಂದಿಳಿದ ದಿನದಿಂದಲೇ ಲೆಕ್ಕ. ಮುಂಗಡ 3 ತಿಂಗಳ ಬಾಡಿಗೆ ಮೀರಬಾರದು, ಅದೂ ಬಾಡಿಗೆದಾರನ ಹೆಸರಿನ ಬ್ಯಾಂಕ್ ಖಾತೆಯಲ್ಲೇ ಇರಬೇಕು. ಹೀಟಿಂಗ್ ಖರ್ಚು ಬಾಡಿಗೆಯಲ್ಲಿ ಸೇರಿದೆಯಾ ಅಂತ ಬರಹದಲ್ಲೇ ಪಡೀಲಿ, ಗುಡ್ಡದ ಹಳೇ ಮರದ ಮನೆಯಲ್ಲಿ ಆ ಬಿಲ್ಲು ಜೋರಾಗೇ ಬರುತ್ತೆ.