ಪಿವಿಪಿ ಇದ್ದರೆ ಕೆಲಸ ನಿಧಾನ, ತೆಗೆದರೆ ಕಣಗಳೇ ಗಂಟು. ಏನು ಮಾಡಲಿ?

ಹಾಸನದ ವಿದ್ಯಾರ್ಥಿನಿ:
ಎಲ್ಲರಿಗೂ ನಮಸ್ಕಾರ. ನಾನು ಹಾಸನದಲ್ಲಿ ಎಂ.ಎಸ್ಸಿ ಕೊನೇ ಸೆಮಿಸ್ಟರ್‌ನಲ್ಲಿದ್ದೇನೆ. ಪ್ರಾಜೆಕ್ಟ್‌ಗೆ ಪಲ್ಲಾಡಿಯಂ ನ್ಯಾನೋ ಕಣ ಮಾಡಿದ್ದೇನೆ. ಒಂದಕ್ಕೊಂದು ಅಂಟದಿರಲಿ ಅಂತ ಪಿವಿಪಿ ಎಂಬ ಪಾಲಿಮರ್ ಹೊದಿಕೆ ಹಾಕಿದ್ದೇನೆ. ಕಣಗಳು ಕ್ರಿಯೆಯನ್ನು ಎಷ್ಟು ಚುರುಕು ಮಾಡುತ್ತವೆ ಅಂತ ನೋಡುವ ಪರೀಕ್ಷೆಗೆ ಪ್ಯಾರಾ ನೈಟ್ರೋಫಿನಾಲ್, ಅದನ್ನು ಅಮೈನೋಫಿನಾಲ್ ಮಾಡಲು ಸೋಡಿಯಂ ಬೋರೋಹೈಡ್ರೈಡ್. ಬೆಳಕು ಹೀರುವಿಕೆಯ ಗ್ರಾಫಿನಲ್ಲಿ 400 ನ್ಯಾನೋಮೀಟರಿನ ಹಳದಿ ಪೀಕ್ ಇಳಿಯುತ್ತಾ 300ರ ಹತ್ತಿರ ಅಮೈನೋಫಿನಾಲ್ ಪೀಕ್ ಏಳುವುದನ್ನು ನೋಡೋದೇ ಚಂದ.

ಆದರೆ ಪಿವಿಪಿ ಜಾಸ್ತಿ ಇರುವ ಬ್ಯಾಚ್‌ನಲ್ಲಿ ಮೊದಲ 4 ನಿಮಿಷ ಹಳದಿ ಅಲ್ಲಾಡುವುದೇ ಇಲ್ಲ. ಕಾಲು ಭಾಗ ಹಾಕಿದ್ದರಲ್ಲಿ ಒಂದೇ ನಿಮಿಷಕ್ಕೆ ಶುರು. ಅಸಿಟೋನ್ ಹಾಕಿ ಸೆಂಟ್ರಿಫ್ಯೂಜ್ ಮಾಡಿ ಮೂರು ಸಲ ತೊಳೆದೆ. ಅವತ್ತು ಸಂಜೆ ಬಣ್ಣ ಸರ್ರನೆ ಇಳಿಯಿತು, ಎಷ್ಟು ಖುಷಿಯಾಯಿತು ಗೊತ್ತಾ! ಬೆಳಿಗ್ಗೆ ನೋಡಿದರೆ ಬಾಟಲಿಯ ತಳದಲ್ಲಿ ಕಾಫಿ ಗಷ್ಟಿನ ಹಾಗೆ ಕಪ್ಪು. ಎರಡು ವಾರದ ಕೆಲಸ ಹೋಯಿತು. ಉಳಿದದ್ದನ್ನು ಒಲೆಯಲ್ಲಿ ಕಾಯಿಸಿ ಪಿವಿಪಿ ಸುಡಲಾ?

ಚಿಕ್ಕಮಗಳೂರು ಮೇಷ್ಟ್ರು:
ಸುಡಬೇಡಮ್ಮ. ಪಿವಿಪಿ ಸುಟ್ಟುಹೋಗುವಷ್ಟು ಬಿಸಿಯಲ್ಲಿ ಕಣಗಳೂ ಕೂಡಿ ದೊಡ್ಡದಾಗುತ್ತವೆ. ಮತ್ತೆ ಅದೇ ಕಥೆ.

ನಮ್ಮ ಕಡೆ ಕಾಫಿಯನ್ನು ಪಾರ್ಚ್‌ಮೆಂಟ್ ಸಮೇತ ಗೋಡೌನಿನಲ್ಲಿ ಇಡುತ್ತೇವೆ, ಹುರಿಯುವ ಮುಂಚೆ ಸಿಪ್ಪೆ ತೆಗೆಸುತ್ತೇವೆ ಅಲ್ವಾ? ನಿನ್ನ ಕಣಕ್ಕೂ ಸಿಪ್ಪೆ ಬೇಕು, ಯಾವಾಗ ತೆಗೀಬೇಕು ಅನ್ನೋದೇ ಪ್ರಶ್ನೆ. ಮೊದಲು ಕಣಗಳನ್ನು ಅಲ್ಯುಮಿನಾ ಪುಡಿಯ ಮೇಲೆ ಕೂರಿಸು. ಆಮೇಲೆ ತೊಳೆ. ಕೂತ ಜಾಗ ಬಿಟ್ಟು ಅವು ಅಷ್ಟು ಸುಲಭಕ್ಕೆ ಓಡಾಡುವುದಿಲ್ಲ. ಪಿವಿಪಿ ತನ್ನ ಕಾರ್ಬೊನಿಲ್ ಆಮ್ಲಜನಕದಿಂದ ಲೋಹವನ್ನು ಹಿಡಿದಿರುತ್ತದೆ, ಆ ಹಿಡಿತ ಸಡಿಲ. ಗಂಧಕವಿರುವ ಥಯಾಲ್ ಹೊದಿಕೆ ಆಗಿದ್ದರೆ ಆ ಗಂಧಕ ಲೋಹವನ್ನು ಇಷ್ಟು ಬೇಗ ಬಿಡುತ್ತಿರಲಿಲ್ಲ.

ಇನ್ನೊಂದು ಮಾತು. ಆ 4 ನಿಮಿಷವನ್ನೆಲ್ಲ ಪಿವಿಪಿ ತಲೆಗೆ ಕಟ್ಟಬೇಡ. ನೀರಿನಲ್ಲಿ ಕರಗಿರುವ ಆಮ್ಲಜನಕವೂ ಶುರುವನ್ನು ತಡ ಮಾಡುತ್ತದೆ. ಸಾರಜನಕ ಹಾಯಿಸಿ ಮತ್ತೊಮ್ಮೆ ನೋಡು.

ಔಷಧ ಕಂಪನಿಯವ, ಊರು ಹಾಸನ:
ಮೇಷ್ಟ್ರು ಹೇಳಿದ್ದು ಸರಿ. ಆದರೆ ಲಿಗ್ಯಾಂಡ್, ಅಂದರೆ ಪಿವಿಪಿಯ ಹಾಗೆ ಲೋಹಕ್ಕೆ ಅಂಟಿರುವ ವಸ್ತು, ಬರೀ ಅಡ್ಡಿ ಅಂದುಕೊಳ್ಳಬೇಡಿ. 1952ರ ಲಿಂಡ್ಲರ್ ವೇಗವರ್ಧಕ (ಕ್ರಿಯೆಯನ್ನು ಚುರುಕು ಮಾಡುವ ವಸ್ತು) ನೋಡಿ. ಕ್ಯಾಲ್ಸಿಯಂ ಕಾರ್ಬೊನೇಟ್ ಮೇಲೆ ಪಲ್ಲಾಡಿಯಂ, ಅದಕ್ಕೆ ಬೇಕೆಂದೇ ಸೀಸ, ಜೊತೆಗೆ ಕ್ವಿನೋಲಿನ್. ಹೈಡ್ರೋಜನ್ ಸೇರಿದಾಗ ಆಲ್ಕೈನ್ (ಇಂಗಾಲಗಳ ತ್ರಿಬಂಧ ಇರುವುದು) ಆಲ್ಕೀನ್ (ದ್ವಿಬಂಧ ಇರುವುದು) ಆಗಿ ಅಲ್ಲೇ ನಿಲ್ಲುತ್ತದೆ. ಬರಿ ಪಲ್ಲಾಡಿಯಂ ಆದರೆ ಸುಮ್ನೆ ಏಕಬಂಧದ ಆಲ್ಕೇನ್‌ವರೆಗೂ ಓಡುತ್ತದೆ.

ಚಕ್ಕೆಯ ವಾಸನೆಯ ಸಿನ್ನಮಾಲ್ಡಿಹೈಡ್‌ನಲ್ಲಿ ಹೈಡ್ರೋಜನ್ ಸೇರಲು ಎರಡು ಜಾಗ ಇವೆ: ಇಂಗಾಲಗಳ ದ್ವಿಬಂಧ, ಆಲ್ಡಿಹೈಡ್ ತುದಿ. ಪ್ಲಾಟಿನಂಗೆ ಫಿನೈಲ್ ತುದಿಯ ಥಯಾಲ್ ಹೊದಿಸಿದರೆ ಆ ಅಣು ಮಲಗದೆ ನಿಂತುಕೊಳ್ಳುತ್ತದೆ. ಆಲ್ಡಿಹೈಡ್ ತುದಿ ಮಾತ್ರ ಲೋಹಕ್ಕೆ ತಾಗುತ್ತದೆ. ವೇಗಕ್ಕಿಂತ ನನಗೆ ಬೇಕಾದ ಜಾಗವನ್ನೇ ಆರಿಸುವ ಇದೇ ದೊಡ್ಡದು. ನಿಮ್ಮ ಪರೀಕ್ಷೆಯಲ್ಲಿ ಇದು ಕಾಣುವುದಿಲ್ಲ, ಅಲ್ಲಿ ಸಿಗುವುದು ಒಂದೇ ವಸ್ತು.

ಹಾಸನದ ವಿದ್ಯಾರ್ಥಿನಿ:
ಸರ್, ಸಾರಜನಕ ಹಾಯಿಸಿದೆ. 4 ನಿಮಿಷ ಎರಡೂವರೆಗೆ ಇಳಿಯಿತು. ಅಲ್ಯುಮಿನಾ ಮೇಲೆ ಕೂರಿಸಿ ತೊಳೆದದ್ದು ಮೂರು ದಿನವಾದರೂ ಹಾಗೇ ಇದೆ. ಸಿನ್ನಮಾಲ್ಡಿಹೈಡ್ ಬಾಟಲಿ ನಮ್ಮ ಲ್ಯಾಬಿನಲ್ಲೇ ಇದೆ. ಗೈಡ್ ಮೇಡಂ ಹತ್ತಿರ ನಾಳೆನೇ ಕೇಳುತ್ತೇನೆ.